ಸಾಹುಕಾರನ ‘ನಾವು’

ನೋಡಿ, ಒಂದು ಊರು, ಆ ಊರಿಗೊಬ್ಬ ಸಾಹುಕಾರ ಅಂತಿಟ್ಟುಕೊಳ್ಳಿ. ವ್ಯಾಪಾರವನ್ನು ಮಗನಿಗೆ ಬಿಟ್ಟಾಗಿತ್ತು. ಇನ್ನು ದೊಡ್ಡ ಊರಿನಲ್ಲಿ ಹಾಯಾಗಿರಬೇಕು ಅನ್ನಿಸಿತು. ಮೈಸೂರೋ, ಧಾರವಾಡವೋ? ಎರಡನ್ನೂ ಸುತ್ತಿ ಬಂದ. ಎಲ್ಲಿಯ ನೀರು ರುಚಿ, ಎಲ್ಲಿಯ ಗಾಳಿ ಹಿತ, ಸಂಜೆಯ ಸಂಗೀತ ಎಲ್ಲಿ ಚೆನ್ನ, ಮಂಡಿನೋವಿಗೆ ಒಳ್ಳೆಯ ಡಾಕ್ಟರು ಎಲ್ಲಿದ್ದಾರೆ, ಎಲ್ಲವನ್ನೂ ವಿಚಾರಿಸಿದ. ತಪ್ಪೇನಿಲ್ಲ. ಊರು ಬದಲಿಸುವವನು ವಿಚಾರಿಸಲೇಬೇಕು. ಆದರೆ ಒಬ್ಬರನ್ನು ಮಾತ್ರ ವಿಚಾರಿಸಲಿಲ್ಲ. ಯಾರನ್ನು?

ತನ್ನ ಹೆಂಡತಿಯನ್ನು.

ಆಕೆಗೊಬ್ಬ ಅಕ್ಕ. ಕಣ್ಣು ಕಾಣದು. ಪಕ್ಕದ ಬೀದಿಯಲ್ಲಿ ಒಬ್ಬಳೇ ವಾಸ. ಮಧ್ಯಾಹ್ನದ ಊಟ ಮುಗಿಸಿ ಈಕೆ ಹೋಗಿ ಅಕ್ಕನ ತಲೆ ಬಾಚಿ ಜಡೆ ಹೆಣೆಯಬೇಕು. ಈಕೆಯ ಹೆಜ್ಜೆ ಸಪ್ಪಳ ಕೇಳಿದರೇನೇ ಅಕ್ಕ ಚಿಲಕ ತೆಗೆಯುವುದು, ಬೇರೆ ಯಾರು ಕರೆದರೂ ಇಲ್ಲ. ಗಂಡ ಮೈಸೂರು ಅಂದಾಗ ಈಕೆಗೆ ಆ ಚಿಲಕ ನೆನಪಾಗುತ್ತಿತ್ತು. ಧಾರವಾಡ ಅಂದಾಗಲೂ ಅದೇ ಚಿಲಕ. ಆಕೆಯ ಪಾಲಿಗೆ ಎರಡು ಊರಿಗೂ ಏನು ವ್ಯತ್ಯಾಸ, ಹೇಳಿ?

ಒಂದು ಸಂಜೆ ನೆಂಟರು ಬಂದರು. ಈಕೆ ಕಾಫಿ ತಂದಳು. ಸಾಹುಕಾರ ಹೇಳುತ್ತಿದ್ದ: “ನಾವು ಎಲ್ಲಾ ನೋಡಿದ್ವಿ, ನಾವು ಯೋಚನೆ ಮಾಡಿದ್ವಿ. ಮೈಸೂರೇ ಸರಿ ಅಂತ ನಾವು ತೀರ್ಮಾನ ಮಾಡ್ಬಿಟ್ವಿ.”

“ಅತ್ತಿಗೆ, ನಿಮಗೆ ಮೈಸೂರು ಹಿಡಿಸ್ತಾ?” ನೆಂಟನೊಬ್ಬ ಕೇಳಿದ.

“ನನಗೇನು ಗೊತ್ತಪ್ಪ. ನಾವು ಹೋಗಿದ್ವಿ ಅಂತಾರೆ, ನಾನು ಇಲ್ಲೇ ಇಡ್ಲಿಗೆ ರುಬ್ತಿದ್ದೆ.”

ನೆಂಟರು ನಕ್ಕರು. ಸಾಹುಕಾರನ ಮುಖ ಗಂಟಾಯಿತು. “ನಿನ್ನನ್ನ ಕೇಳೋದೇನಿದೆಯೇ? ನಾನಿದ್ದಲ್ಲಿ ನೀನಿರೋದು ಇದ್ದೇ ಇದೆ.”

“ಅಕ್ಕ?”

“ಆಯಮ್ಮನಿಗೆ ಯಾರನ್ನಾದ್ರೂ ಗೊತ್ತುಮಾಡಿದ್ರಾಯ್ತು.”

ಆಕೆ ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸಿಕೊಂಡಳು.

“ಹಾಗಾದ್ರೆ ನೀವು ಹೋಗಿ. ನಾವು ಇಲ್ಲೇ ಇರ್ತೀವಿ.”

“ನಾವು ಅಂದ್ರೆ ಯಾರು?”

“ನಾನು, ನಮ್ಮಕ್ಕ. ಅವಳನ್ನ ಕೇಳಿಯೇ ಹೇಳ್ತಿದೀನಿ.”

ನಗುತ್ತೀರಿ. ಹಿಂದೆ ಕೂತ ಹೆಣ್ಣುಮಕ್ಕಳು ನಗುತ್ತಿಲ್ಲ, ತಿರುಗಿ ನೋಡಿ. ಹೇಳಲೋ ಬೇಡವೋ ಅಂತ ಅಳುಕಿಯೇ ಹೇಳುತ್ತಿದ್ದೇನೆ: ಆ ಸಾಹುಕಾರ ಈ ಮುಂದಿನ ಸಾಲಿನಲ್ಲೇ ಕೂತಿದ್ದಾನೆ. ಒಬ್ಬನಲ್ಲ, ಸಾಲಿಗೆ ಸಾಲೇ ಅವನೇ. ಪೂಜೆಯಲ್ಲಿ ಸಂಕಲ್ಪ ಮಾಡುವಾಗ ಹೆಂಡತಿ ಪಕ್ಕದಲ್ಲಿರಬೇಕು, ಆಕೆಯ ಕೈ ನಿಮ್ಮ ಕೈಗೆ ತಾಗಿರಬೇಕು. ಆ ಸಂಕಲ್ಪಕ್ಕೆ ಆಕೆ ಬೇಕು. ಮನೆಯನ್ನೇ ಕಿತ್ತು ಬೇರೆ ಊರಿನಲ್ಲಿ ನೆಡುವ ಸಂಕಲ್ಪಕ್ಕೆ ಬೇಡವೇ? ಇದು ಯಾವ ಧರ್ಮ? ಯಾವ ಧರ್ಮ ಇದು?

ಈಗ ಮನೆಗೆ ಹೋಗುತ್ತೀರಿ. ಊರು ಬಿಡುವುದಿರಲಿ, ಮಗಳಿಗೆ ಗಂಡು ನೋಡುವುದಿರಲಿ, ‘ನಾವು’ ಎಂಬ ಮಾತು ಬಾಯಿಗೆ ಬರುವ ಮೊದಲು ಎದ್ದು ಅಡುಗೆಮನೆಯ ತನಕ ಹೋಗಿ. ಕೇಳಿ. ಉತ್ತರ ಬರುವ ತನಕ ಅಲ್ಲೇ ನಿಲ್ಲಿ. ಅಷ್ಟು ಪುರುಸೊತ್ತಿಲ್ಲ ಅನ್ನುವವರು ‘ನಾನು’ ಅನ್ನಿ. ಕಡೇಪಕ್ಷ ಆ ಒಂದು ಸುಳ್ಳಾದರೂ ತಪ್ಪುತ್ತದೆ.