ಹನ್ನೆರಡು ಭೇಟಿಗಳ ಡೈರಿ

…ಕೇಳಿದ್ರ ನಿಮಗೂ ದುಃಖ ಆಗತೈತಿ, ಸಹನಾ ಮೇಡಂ. ಇವತ್ತ ಮುಂಜಾನಿ ಹತ್ತೂ ಇಪ್ಪತ್ತಕ್ಕ ನಮ್ಮ ಅರ್ಥಶಾಸ್ತ್ರ ವಿಭಾಗದ ನೀಲಿ ಪೆನ್ನು ತೀರಿಕೊಂತು. ಎರಡನೇ ಭೇಟಿ ಬರಿಯೂಮುಂದ. ಭಾಳ ನರಳಲಿಲ್ಲ. ಪ್ರಿನ್ಸಿಪಾಲ್ ಶಾಂಭವಿ ಮೇಡಂ ಅವರಿಗೆ ತಿಳಿಸೀನಿ. ಪ್ಯೂನ್ ಹುಲಿಗೇಶ ಹೊಸಾದು ತರಾಕ ಬಸ್ ಸ್ಟ್ಯಾಂಡಿಗೆ ಹೋಗ್ಯಾನ. ಅಲ್ಲೀಮಟ ಕಪ್ಪು ಪೆನ್ನಿಲೆ ನಡಸೋಣು. ಯಾಕ ನಗತೀರಿ? ಎರಡು ಬಣ್ಣ ಇರಬೇಕ್ರಿ! ವರ್ಷಪೂರ್ತಿ ಬರದದ್ದು ಒಂದ ಬಣ್ಣದಾಗ ಇದ್ರ ಸಮಿತಿಯವರು ಏನ ತಿಳಕೋತಾರ?

ಕುಂದರ್ರಿ, ಕುಂದರ್ರಿ. ನಾಳಿ ಹತ್ತಕ್ಕ ತಪಾಸಣಾ ಸಮಿತಿ ಬರತೈತಿ. 'ಹೊಸ ಅಧ್ಯಾಪಕರಿಗೆ ಹಿರಿಯರ ಮಾರ್ಗದರ್ಶನ' ಅನ್ನೂ ಯೋಜನಿ ಡೈರಿ ನೋಡಾಕ. ನಾ ಹಿರಿಯ, ನೀವು ಹೊಸಬರು. ವರ್ಷಕ್ಕ ಹನ್ನೆರಡು ಭೇಟಿ. ಒಂದೊಂದು ಭೇಟಿಗೆ ಅರ್ಧ ಪುಟ, ಕೆಳಗ ಇಬ್ಬರ ಸಹಿ: ಉಮಾಪತಿ, ಸಹನಾ. ನಮ್ಮದು ಆಗಿದ್ದು ಎಷ್ಟು…? ಒಂದ? ಅದೂ ಆಗಸ್ಟ್‌ನಾಗ, ಮೆಟ್ಟಲ ಮ್ಯಾಲ ನಿಂತು? ನಿಂತ್ರೂ ಭೇಟಿನ ಬಿಡ್ರಿ. ಇನ್ನ ಹನ್ನೊಂದು ಅಷ್ಟ. ಮಧ್ಯಾಹ್ನ ಊಟದೊಳಗ ಒಂದು ವರ್ಷ ಮುಗಿಸಿಬಿಡೋಣು!

ಬರೀರಿ. ನಿಮ್ಮ ಅಕ್ಷರ ಛಲೋ ಅದಾವ. ಮೂರನೇ ಭೇಟಿ… ದಿನಾಂಕ ನಾನ ಹಾಕೀನಿ, ನೋಡ್ರಿ. ಏನು? ಅವತ್ತ ನಾಗರ ಪಂಚಮಿನ? ಕಾಲೇಜಿಗೆ ಸೂಟಿ? ಅಯ್ಯ ಶಿವನ! ಇರಲಿ ಬಿಡ್ರಿ, 'ಹಬ್ಬದ ದಿನವೂ ಮಾರ್ಗದರ್ಶಕರು ಬಿಡುವು ಪಡೆಯಲಿಲ್ಲ' ಅಂತ ಹಾಕ್ರಿ. ಸಮಿತಿಯವರ ಕಣ್ಣಾಗ ನೀರು ಬರತಾವ!

ಐದನೇದು ಅಕ್ಟೋಬರ್. ಹಾಂ? ನಾ ಆಸ್ಪತ್ರಿಯಾಗಿದ್ದೆ? ಹೌದಲ್ಲ… ಹೊಸಪೇಟ್ಯಾಗ, ಪಿತ್ತಕೋಶದ ಹಳ್ಳು. ರಜಾ ಅರ್ಜಿ ಆಫೀಸಿನ ಫೈಲಿನಾಗ ಐತಿ ಬ್ಯಾರೆ. ಹೂಂ… ಬರೀರಿ, ಬರೀರಿ: 'ಮಾರ್ಗದರ್ಶಕರು ಹಾಸಿಗೆಯಿಂದಲೇ ಮಾರ್ಗದರ್ಶನ ಮಾಡಿದರು.' ಹಹ್ಹಾ! ಎಷ್ಟು ನಗತೀರಿ ನೀವು, ಪೆನ್ನು ಅಳ್ಳಾಡಿ ಅಕ್ಷರ ಕೆಡ್ತಾವ ನೋಡ್ರಿ. ಕೆಡಲಿ, ಖರೇ ಆಸ್ಪತ್ರಿಯಾಗ ಬರದಂಗ ಕಾಣತೈತಿ.

ಈ ಪುಟದ ಮ್ಯಾಲ ಒಂದು ಹನಿ ಚಾ ಬೀಳಸ್ರಿ. ಹಾಂ, ಸಾಕು. ಈಗ ಆರು ತಿಂಗಳು ಹಳೇದಾತು.

ನಮ್ಮ ಮನಿಯಾಕಿ ಗುರುಲಿಂಗಮ್ಮ ಅಂತಾಳ, 'ಮನ್ಯಾಗ ಮಕ್ಕಳಿಗೆ ಒಂದು ಮಾತು ಬುದ್ಧಿ ಹೇಳಲಿಲ್ಲ, ಈಗ ಮಾದರಿ ಮಾರ್ಗದರ್ಶಕ ಅಂತ ಶಾಲು ಹೊದಿಸಿಕೊಳ್ಳಾಕ ನಡದಾನ' ಅಂತ. ಹೊದಿಸ್ತಾರಂತ, ಖರೇನ! ಡೈರಿ ಪೂರ್ತಿ ಇದ್ದವರಿಗೆ.

ಆಗಸ್ಟ್‌ನ ಮೆಟ್ಟಲ ಭೇಟಿ ಪುಟ? ಅದನ್ನ ನೀವ ಬರೀರಿ, ಅದೊಂದು ಖರೇ ನಡದದ್ದು. ನಿಮ್ಮ ಲೇಖನ ಕೊಟ್ರಿ, 'ಸರ್, ಒಂದೀಟು ಓದಿ ತಿದ್ದಿಕೊಡ್ರಿ, ಪಿಎಚ್.ಡಿ. ಪ್ರಬಂಧ ಸಲ್ಲಿಸಬೇಕಂದ್ರ ಮೊದಲ ಒಂದು ಲೇಖನ ಅಚ್ಚಾಗಿರಬೇಕಂತ' ಅಂದ್ರಿ. ನೆನಪೈತಿ. ಮುಂದಿನ ತಿಂಗಳು ನಿಮ್ಮ ಕಡೀ ಗಡುವು, ಅದೂ ನೆನಪೈತಿ. ಓದಾಕ ಆಗಿಲ್ರಿ. ಎಂಟು ತಿಂಗಳಿಂದ ಹೇಳಾಕ ಹತ್ತೀನಿ, ಎಲ್ಲಿ ಇಟ್ಟೀನೋ ಅಂತ… ಸಿಗತೈತಿ ಬಿಡ್ರಿ. ಈಗ ಒಂಬತ್ತನೇ ಭೇಟಿ. ಇಲ್ಲೊಂದು ಜೀವಾಳದ ಮಾತು ಬೇಕು. ತಡೀರಿ… ಹಾಂ! ಬರೀರಿ:

'ಹೊಸಬರನ್ನು ಸಾಲಿನ ಕೊನೆಗೆ ನಿಲ್ಲಿಸಬಾರದು. ಗಂಗಾವತಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡುವ ಇಮಾಮಬೀ ಹೊಸ ಹೆಣ್ಣುಮಗಳನ್ನು ಇಬ್ಬರು ಚುರುಕು ಕೈಯವರ ನಡುವೆ ನಿಲ್ಲಿಸುತ್ತಾಳೆ. ಆಕೆ ಹಿಂದೆ ಬಿದ್ದರೆ ಎರಡೂ ಕಡೆಯವರು ಒಂದೊಂದು ಹಿಡಿ ಸಸಿ ಅವಳ ಪಾಲಿನದನ್ನೂ ನೆಡುತ್ತಾರೆ. ಮಾರ್ಗದರ್ಶನ ಎಂದರೆ ಅದು.'

ಹೆಂಗ? ಮೈ ಜುಮ್ ಅನ್ನಲಿಲ್ಲೇನು? …ಬರೀರಿ.

ಯಾಕ ಪೆನ್ನು ನಿಂತು? ಇದೂ ಮುಗೀತ?

ಇಮಾಮಬೀ… ಇಮಾಮಬೀ ಅಂತ ಒಬ್ಬಾಕಿ ಅದಾಳ್ರಿ. ನಂಗ ಗೊತ್ತಿದ್ದಾಕಿ. ಹಿಟ್ನಾಳದಾಕಿ… ನೀವ ಹೇಳಿದ್ರೇನೋ. ಇಲ್ಲ? ಯಾರ ಮುಂದೂ ಹೇಳಿಲ್ಲ, ಲೇಖನದಾಗ ಅಷ್ಟ ಬರದೀರಿ? ಹಂಗಾದ್ರ ಬ್ಯಾರೆ ಯಾರರ… ಹಿಂಗ ನೋಡಬ್ಯಾಡ್ರಿ, ಸಹನಾ ಮೇಡಂ. ಈಗಷ್ಟ ನಗತಿದ್ರಲ್ಲ.

ಆತು. ಓದೀನಿ. ಓದೀನಿ ಅಂತ ಹೇಳ್ದೆ ಈಗ! ಆಸ್ಪತ್ರಿಯಾಗ ಹತ್ತು ದಿವಸ, ಗುರುಲಿಂಗಮ್ಮ ಮೊಬೈಲ್ ಕಸಗೊಂಡಿದ್ಲು, ಚೀಲದಾಗ ಅದೊಂದ ಇತ್ತು. ಎರಡು ಸಲ ಓದಿದೆ. ಎರಡು ನಾಟಿ ಹಂಗಾಮು ಕೆಸರಾಗ ನಿಂತು ಬರದೀರಿ ನೀವು, ಅಳವಂಡಿಯಿಂದ ಟೆಂಪೋದಾಗ ಹೋಗಿ. ಒಂದು ಕಾಮಾ ತಿದ್ದೂಹಂಗ ಇರಲಿಲ್ಲ. ಛಲೋ ಆಗೇತಿ ಅಂತ ಯಾಕ ಹೇಳಲಿಲ್ಲ ಅಂದ್ರ… ಏನಂತ ಹೇಳಲಿ? ಒಂಬತ್ತು ವರ್ಷ ಆತು ನಾ ಒಂದು ಪುಟ ಬರದು.

ಆ ಫೈಲು ಬ್ಯಾಡ್ರಿ. ಅದು ಸಮಿತಿಗೆ. ಅದರಾಗ ನಿಮಗೇನೂ… ಮೇಡಂ. ಸಹನಾ. ತಂಗಿ, ನೀ ನನ್ನ ಮಗಳಿದ್ಹಂಗ, ಅದನ್ನ ತೆರೀಬ್ಯಾಡ.

ತೆರದ್ರಿ.

ಇವತ್ತ ಬಂತು ಆ ಪತ್ರಿಕಿ, ಟಪಾಲಿನಾಗ. ನಾನ ಹೇಳಾವ ಇದ್ದೆ. ಪ್ರಮೋಷನ್ ಅರ್ಜಿಗೆ ಒಂದು ಲೇಖನ ಕಡಿಮಿ ಬಿದ್ದಿತ್ತು, ಅದಕ್ಕ… ಅಡಿಟಿಪ್ಪಣಿಯಾಗ ನಿಮ್ಮ ಹೆಸರು ಹಾಕಬೇಕಂತ ಮಾಡಿದ್ದೆ, ಪುಟ ಹೆಚ್ಚಾಗತೈತಿ ಅಂದ್ರು ಅವರು. ಅವರಂದ್ರು. ಇಲ್ಲ, ನಾ ಅವರನ್ನ ಕೇಳಲಿಲ್ಲ. ಕೇಳಲಿಲ್ಲ, ಆತಿಲ್ಲೋ?

ಏನರ ಅನ್ರಿ. ಬೈರಿ. ಬ್ಯಾರೆ ಲೇಖನ ಬರೀರಿ, ಇಬ್ಬರ ಹೆಸರಿಲೆ ಹಾಕೋಣು, ನಿಮ್ಮದ ಮೊದಲ. ಗಡುವಿನೊಳಗ ಆಗೂದಿಲ್ಲ, ಗೊತ್ತೈತಿ. ನಿಮ್ಮ ಈ ಲೇಖನ ಈಗ ಎಲ್ಲಿಗೂ ಕಳಿಸಬ್ಯಾಡ್ರಿ, ಕಂಪ್ಯೂಟರಿನಾಗ ಹಾಕಿದ್ರ ನೀವ ನನ್ನದನ್ನ ಕಾಪಿ ಹೊಡದೀರಿ ಅಂತ ಬರತೈತಿ…

ಯಾಕ ಮತ್ತ ಮತ್ತ ಹಾಳಿ ತಿರುವತೀರಿ? ಅದರಾಗ ಇನ್ನೇನಿಲ್ಲ.

ಮಾರ್ಚ್ ಸಂಚಿಕಿ. ಪುಟ ನಲವತ್ತೊಂದರಿಂದ ಐವತ್ತಾರು. ಲೇಖಕರು ಒಬ್ಬರ, ಡಾಕ್ಟರ್ ಉಮಾಪತಿ.