ಅರ್ಜಿಯ ಕೆಳಗೆ ನಾನೇ ಬರೆದ ಹೆಸರು

ಅನ್ನಪೂರ್ಣವ್ವ ಕೋಂ ಸಂಗಪ್ಪ ಬಳಿಗಾರ, ವಯಸ್ಸು 44 ವರ್ಷ, ಉದ್ಯೋಗ: ಮೊನ್ನೆ ಶನಿವಾರದವರೆಗೆ ಸೀರೆ ಅಂಗಡಿಯಲ್ಲಿ ಕೆಲಸ, ಈಗ ಏನೆಂದು ಬರೆಸಬೇಕೋ ತಿಳಿಯದು, ಸಾ|| ಶಿರಹಟ್ಟಿ. ಠಾಣೆಗೆ ನಾನೇ ನಡೆದು ಬಂದು ಬರೆಸುವುದೇನೆಂದರೆ:

ನಾನು ಶಿರಹಟ್ಟಿ ಪೇಟೆಯಲ್ಲಿ ನಂದೀಶ ಎಂಬುವರ ಸೀರೆ ಅಂಗಡಿಯಲ್ಲಿ ಹದಿನೇಳು ವರ್ಷ ದುಡಿದಿದ್ದೇನೆ. ಅವರು ನನಗಿಂತ ಎಂಟು ವರ್ಷ ದೊಡ್ಡವರು. ಅಣ್ಣಾರ ಎಂದೇ ಕರೆಯುತ್ತ ಬಂದೆ. ದಿನಾ ಬೆಳಿಗ್ಗೆ 9-30ಕ್ಕೆ ಅಂಗಡಿಯ ಬೀಗ ತೆಗೆಯುತ್ತಿದ್ದವಳು ನಾನು. ಕೀಲಿ ನನ್ನ ಮನೆಯಲ್ಲೇ ಇರುತ್ತಿತ್ತು. ಈ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿರಿ ಎಂದು ಕೇಳಿದೆ. ಹೇಳಿಕೆಯಲ್ಲಿ ಹಾಗೆ ಬರೆಯಲು ಬರುವುದಿಲ್ಲವೆಂದು ಸಾಹೇಬರು ಹೇಳಿದರು.

ದಿನಾಂಕ 09-11-2025, ರವಿವಾರ, ಗದಗದಲ್ಲಿ ಉದ್ಯೋಗ ಮೇಳ ಇತ್ತು. ನನ್ನ ಮಗಳು ಅಂಕಿತಾ ಹಟ ಹಿಡಿದು ಕರೆದೊಯ್ದಳು. ಅಲ್ಲಿ ಒಬ್ಬ ಮೇಡಂ ಮೈಕಿನಲ್ಲಿ ಎರಡು ಬುದ್ಧಿಮಾತು ಹೇಳಿದರು. ಕೆಲಸ ಹುಡುಕುವವರು ಅರ್ಜಿಯ ಕೆಳಗೆ ತಮ್ಮ ಕೆಲಸವನ್ನು ವರ್ಷಗಟ್ಟಲೆ ಕಂಡ ಒಬ್ಬರ ಹೆಸರು, ಫೋನ್ ನಂಬರು ಬರೆಯಬೇಕು. ಕೆಲಸ ಕೊಡುವವರು ಆ ನಂಬರಿಗೆ ಫೋನ್ ಮಾಡದೆ ಯಾರನ್ನೂ ತೆಗೆದುಕೊಳ್ಳಬಾರದು ಎಂದರು. ನಾನು ಅಲ್ಲಿಂದಲೇ ನಂದೀಶ ಅವರಿಗೆ ಫೋನ್ ಹಚ್ಚಿ, ನಿಮ್ಮ ಹೆಸರು ಬರೆಯಲೇ ಎಂದು ಕೇಳಿದೆ. ಅವರು, "ಬರಿಯವ್ವಾ, ನನ್ನ ಬಿಟ್ಟ ಮತ್ಯಾರದ ಬರೀತಿ" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಅವರ ಹೆಸರನ್ನೇ ಬರೆದು ಅರ್ಜಿ ಕೊಟ್ಟೆ. ಹುಚ್ಚಿ ನಾನು.

ದಿನಾಂಕ 13-11-2025, ಗುರುವಾರ, ಮಧ್ಯಾಹ್ನ 12-00ಕ್ಕೆ ಗದಗದ ದೊಡ್ಡ ಬಟ್ಟೆ ಮಳಿಗೆಯಿಂದ ಸಂದರ್ಶನಕ್ಕೆ ಕರೆ ಬಂದಿದ್ದರಿಂದ ಹೋದೆ. ಅಲ್ಲಿಯ ಮ್ಯಾನೇಜರ್ ಸಮೀರ ಎಂಬುವರು ಹನ್ನೆರಡು ಸೀರೆ ಮುಂದಿಟ್ಟು, ಯಾವುದು ಯಾವ ನೂಲಿನದು ಎಂದು ಕೇಳಿದರು. ನಾನು ಕಣ್ಣು ಮುಚ್ಚಿಕೊಂಡು ಮುಟ್ಟಿ ಮುಟ್ಟಿ ಹನ್ನೊಂದು ಸರಿ ಹೇಳಿದೆ. ಹನ್ನೆರಡನೆಯದರ ಚೀಟಿಯೇ ತಪ್ಪಿತ್ತು, ಅದನ್ನೂ ತೋರಿಸಿಕೊಟ್ಟೆ. ಸೀರೆ ವಿಭಾಗದ ಎಂಟು ಹುಡುಗಿಯರ ಮೇಲೆ ನನ್ನನ್ನು ಮುಖ್ಯಸ್ಥೆ ಮಾಡುವುದಾಗಿಯೂ, ಒಂದು ಫೋನ್ ಮಾಡಿ ಕೇಳುವುದಷ್ಟೇ ಬಾಕಿ, ಸೋಮವಾರ ಬರಬೇಕೆಂದೂ ಹೇಳಿದರು.

ದಿನಾಂಕ 15-11-2025, ಶನಿವಾರ, ಸಂಜೆ 7-00 ಗಂಟೆಗೆ ನಂದೀಶ ಅವರು ಹೆಂಡತಿಯನ್ನು ಅಂಗಡಿಗೆ ಕರೆಸಿ ನನಗೆ ಉಡಿ ತುಂಬಿಸಿದರು. ಸೀರೆ, ಕಾಯಿ, ಐದು ಉತ್ತತ್ತಿ. ತಂಗಿಯನ್ನು ಗಂಡನ ಮನೆಗೆ ಕಳಿಸಿದಂಗ ಆಗ್ತೈತಿ ಎಂದರು. ನಾನು ಕಾಲಿಗೆ ಬಿದ್ದು, ಕೀಲಿ ಒಪ್ಪಿಸಿ ಬಂದೆ.

ದಿನಾಂಕ 17-11-2025, ಸೋಮವಾರ, ಬೆಳಿಗ್ಗೆ 10-10ಕ್ಕೆ ಗದಗದ ಮಳಿಗೆಗೆ ಹೋದಾಗ ಸಮೀರ ಅವರು ನನ್ನ ಮುಖ ನೋಡದೆ, ಕೆಲಸ ಆಗುವುದಿಲ್ಲ ಎಂದರು. ಕಾರಣ ಹೇಳುವವರೆಗೆ ಇಲ್ಲಿಂದ ಕದಲುವುದಿಲ್ಲ ಎಂದು ಅಲ್ಲೇ ಕುಳಿತೆ. 40 ನಿಮಿಷದ ಮೇಲೆ ಅವರು ಒಳಗೆ ಕರೆದು, "ನನಗೂ ನಂಬಾಕ ಆಗ್ಲಿಲ್ರಿ. ಆದ್ರ ಹದಿನೇಳ ವರ್ಷ ಕೆಲಸಕ್ಕ ಇಟ್ಕೊಂಡವ್ರ ಮಾತ ಹೆಂಗ ತಗದಹಾಕ್ಲಿ?" ಎಂದು ತಮ್ಮ ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದ ಮಾತು ಕೇಳಿಸಿದರು. ಅದು ಶುಕ್ರವಾರ ಸಂಜೆ 4-20ರದು. ನಂದೀಶ ಅವರ ದನಿಯಲ್ಲಿ, "ಕೆಲಸದಾಗ ಎರಡ ಮಾತಿಲ್ರಿ. ಆದ್ರ ಆಕಿ ಕೈ ಸುದ್ದ ಇಲ್ರಿ. ನಾ ಹೇಳೀನಂತ ಹೇಳಬ್ಯಾಡ್ರಿ ಮತ್ತ" ಎಂದು ಇತ್ತು. ಅದರ ಹಿಂದಿನಿಂದ ಒಂದು ಹೆಣ್ಣುದನಿ, "ಅಣ್ಣಾರ, ಚಾ ಆರಾಕತ್ತೈತ್ರಿ, ಕುಡೀರಿ" ಎನ್ನುತ್ತಿತ್ತು. ಆ ದನಿ ನನ್ನದು. ಫೋನಿನ ಮಾತಿಗೆ ನಾನು ಕಿವಿಗೊಟ್ಟಿರಲಿಲ್ಲ. ಅವರು ಕೂರುವ ಗಾದಿಯಿಂದ ನಾನು ನಿಲ್ಲುವ ಜಾಗಕ್ಕೆ ಮೂರು ಮೀಟರು. ನಾನು ಅಳತೆಯನ್ನು ಅಂದಾಜಿನಲ್ಲಿ ಹೇಳುವವಳಲ್ಲ.

ಅದೇ ದಿನ ಮಧ್ಯಾಹ್ನ 1-35ಕ್ಕೆ ಬಸ್ಸಿಳಿದು ನೇರವಾಗಿ ಅಂಗಡಿಗೆ ಹೋದೆ. ನಂದೀಶ ಅವರು, "ಬಾರವ್ವಾ. ಮಧ್ಯಾಹ್ನದೊಳಗ ಬರ್ತಿ ಅಂತ ಗೊತ್ತಿತ್ತು. ನಿನ್ನ ಜಾಗಾಕ್ಕ ಯಾರ್ನೂ ತಗೊಂಡಿಲ್ಲ" ಎಂದರು. ಮೈಯೆಲ್ಲ ಉರಿದು ಹೋಯಿತು. "ನಿಮ್ಮ ಅಂಗಡೀದು ಒಂದ ಜಂಪರ್ ಪೀಸರೆ ನನ್ನ ಮನ್ಯಾಗ ಐತೇನ್ರಿ? ಕಳ್ಳಿ ಅಂತ ಯಾ ಬಾಯಿಲೆ ಅಂದ್ರಿ?" ಎಂದು ಕೇಳಿದೆ. ಅದಕ್ಕೆ ಅವರು ಸಮಾಧಾನದಿಂದ, "ಆಕಿ ಛಲೋ ಅದಾಳ ಅಂದಿದ್ರ ಒಯ್ದಬಿಡ್ತಿದ್ರು. ನಿನ್ನ ಬೆನ್ನಹತ್ತಿ ಅರ್ಧ ಗಿರಾಕಿ ಹೋಗ್ತಿದ್ರು. ನಾ ಏನ ಮಾಡ್ಲಿ? ಸಿಟ್ಟ ಬ್ಯಾಡ, ಒಳಗ ಬಾ" ಎಂದರು.

ಆ ಹೊತ್ತಿಗೆ ಫಕೀರಬಿ ಎಂಬ ಹಳೆಯ ಗಿರಾಕಿ ಬಂದು, ಅನ್ನಪೂರ್ಣಕ್ಕಾ, ಮಗಳ ನಿಶ್ಚಯಕ್ಕೆ ಒಂದು ಸೀರೆ ತೋರಿಸು ಎಂದಳು. ನಾನು ಒಂದು ತೆಗೆದೆ, ಎರಡು ತೆಗೆದೆ. ಮೂರನೆಯದನ್ನು ಬಿಚ್ಚುವಾಗ ನಾನೇನು ಮಾಡುತ್ತಿದ್ದೇನೆಂದು ನನಗೇ ತಿಳಿಯಿತು. ನಂದೀಶ ಅವರು ನೋಡುತ್ತ ನಗುತ್ತಿದ್ದರು. ಸೀರೆಯನ್ನು ಮಡಿಸದೆ ಬಿಟ್ಟು ಹೊರಬಂದೆ. ಫಕೀರಬಿ ಕರೆಯುತ್ತಲೇ ಇದ್ದಳು.

ಬಟ್ಟೆ ವ್ಯಾಪಾರದಲ್ಲಿ ಕೈ ಸುದ್ದ ಇಲ್ಲ ಅನ್ನಿಸಿಕೊಂಡವಳನ್ನು ಲಕ್ಷ್ಮೇಶ್ವರದಿಂದ ಮುಂಡರಗಿವರೆಗೆ ಯಾವ ಅಂಗಡಿಯವರೂ ಮೆಟ್ಟಿಲು ಹತ್ತಿಸುವುದಿಲ್ಲ. ನನಗೆ ಬರುವುದು ಇದೊಂದೇ ಕೆಲಸ.

ಹದಿನೇಳು ವರ್ಷದ ನನ್ನ ನಡತೆಗೆ ಸಾಕ್ಷಿ ಯಾರೆಂದು ಸಾಹೇಬರು ಕೇಳಿದರು.  ಅಂಗಡಿಯಲ್ಲಿ ಇದ್ದವರು ನಾವಿಬ್ಬರೇ. ಆದ್ದರಿಂದ ನಂದೀಶ ಅವರ ಹೆಸರನ್ನೇ ಬರೆದುಕೊಳ್ಳಿರಿ ಎಂದೆ. ಎದುರುದಾರರನ್ನೇ ಸಾಕ್ಷಿ ಮಾಡಲು ಬರುವುದಿಲ್ಲವೆಂದು ಸಾಹೇಬರು ಹೇಳಿದರು. ನನಗೆ ಬೇರೆ ಯಾರೂ ಇಲ್ಲ, ಬರೆಯಿರಿ, ಕರೆಸಿರಿ, ನನ್ನ ಮುಖ ನೋಡಿ ಹೇಳಲಿ ಎಂದೆ.

ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಹೆಚ್ಚು ಕಡಿಮೆ ಇಲ್ಲ, ಎಲ್ಲ ಖರೆ.

ಸ್ಥಳ: ಶಿರಹಟ್ಟಿ
ದಿನಾಂಕ: 18-11-2025, ಬೆಳಿಗ್ಗೆ 11-15
ಸಹಿ: ಅನ್ನಪೂರ್ಣವ್ವ ಸಂ. ಬಳಿಗಾರ