‘ಇಲ್ಲ’ ಅನ್ನುವುದಕ್ಕೆ ನಾಲ್ಕು ಇಂಗ್ಲಿಷು

ಹಲ್ಲುನೋವಿಗೆ ಕೆನ್ನೆ ಹಿಡಿದುಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದ ದರ್ಜಿಯ ಕಿವಿಗೆ, ಮುಂದಿದ್ದ ತಾಯಿ-ಮಗಳ ಮಾತು ಬಿತ್ತು. ಮಗಳು ತಾಯಿಯ ಫಾರಂ ತುಂಬುತ್ತಿದ್ದಳು.

“ಗಂಡನ ಹೆಸರು ಕೇಳಿದಾರೆ. ಅಪ್ಪನ ಹೆಸರಿನ ಮುಂದೆ ಲೇಟ್ ಅಂತ ಹಾಕ್ಲಾ?”

“ಬಿಡ್ತು ಅನ್ನು! ಮನೆ ಬಿಟ್ಟು ಹೋಗಿದಾರೆ ಅಷ್ಟೇ, ಸತ್ತಿಲ್ಲ.”

“ಮಿಸ್ಸಿಂಗ್?”

“ಎಲ್ಲಿದಾರೆ ಅಂತ ಗೊತ್ತಲ್ಲ. ಹಿಂದಿನ ಬೀದಿ, ಹಸಿರು ಗೇಟು.”

“ಆಬ್ಸೆಂಟ್?”

“ಅದು ಹಾಜರಿ ಕೂಗಿದ್ರೆ ತಾನೆ? ನಾನು ಕೂಗೋದು ಬಿಟ್ಟು ಹನ್ನೊಂದು ವರ್ಷ ಆಯ್ತು.”

“ಸರಿ, ನಿಲ್ ಅಂತ ಬರೀತೀನಿ.”

“ನಿಲ್ಲು ಅಂತ ಅವತ್ತೇ ಬಾಗಿಲಲ್ಲಿ ಹೇಳಿದ್ದೆ ಕಣೇ. ನಿಲ್ಲಲಿಲ್ಲ.”

ಕಿಟಕಿಯಿಂದ ತಾಯಿಯ ಹೆಸರು ಕೂಗಿದರು. ಇಬ್ಬರೂ ಅತ್ತ ಹೋದ ಮೇಲೇ ದರ್ಜಿಗೆ ತನ್ನ ಹಲ್ಲುನೋವು ನೆನಪಾದದ್ದು.